ಕುರಾತಾ-ಸಾನ್ ಬಿಟ್ಟುಕೊಡದ ರಿವಾಲ್ವರ್

ಬಾಗಿಲ ಕಡೆ ಬೆನ್ನು ಹಾಕಿ ಕೂತವರು ಈಗಲೇ ಜಾಗ ಬದಲಾಯಿಸಿಕೊಳ್ಳಿ. ಆಮೇಲೆ ಮಧ್ಯದಲ್ಲಿ ಎದ್ದು ಓಡಾಡಿದರೆ ಕತೆ ಕೆಡುತ್ತೆ...

ಇದು ನಮ್ಮ ಅಹಲ್ಯಾಗೆ ಆದದ್ದು. ಹೋದ ಅಕ್ಟೋಬರ್‌ನಲ್ಲಿ, ಜಪಾನಿನ ನೋಮಿ ಅನ್ನೋ ಊರಲ್ಲಿ. ಗಂಡ ರಾಘವ್ ಅಲ್ಲಿನ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಮಗಳು ಸಾಹಿತ್ಯ ಅಲ್ಲೇ ಶಾಲೆಗೆ ಹೋಗುತ್ತಾಳೆ. ಅಹಲ್ಯಾ ಮೈಸೂರಿನ ಹುಡುಗಿ, ಧೈರ್ಯದಲ್ಲಿ ಥೇಟ್ ಸೋದರಮಾವ. ಆ ಸೋದರಮಾವ ಬಂಡೀಪುರದ ರಸ್ತೆಯಲ್ಲಿ ಅಡ್ಡ ನಿಂತ ಸಲಗಕ್ಕೆ ಹಾರ್ನ್ ಕೂಡ ಹೊಡೆಯದೆ, ಬರೀ ಒಂದು ಸಲ ಕೆಮ್ಮಿ ದಾರಿ ಬಿಡಿಸಿಕೊಂಡವನು. ಆನೆ ಕಾಡಿಗೆ ಹೋಗೋ ಮುಂಚೆ ಸೊಂಡಿಲೆತ್ತಿ ಕ್ಷಮೆ ಕೇಳಿತು ಅಂತಲೂ ಜನ ಹೇಳುತ್ತಾರೆ. ಅದನ್ನು ಬಿಡಿ, ನಮ್ಮವನು ಜಂಬ ಕೊಚ್ಚುವವನಲ್ಲ.

ರಾತ್ರಿ. ಬೆಟ್ಟದ ಬುಡದ ದಾರಿ. ಒಂದು ಕಡೆ ಕೊಯ್ಲು ಮುಗಿದ ಗದ್ದೆ, ಇನ್ನೊಂದು ಕಡೆ ಬಿದಿರುಮೆಳೆ. ಅಹಲ್ಯಾ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಾಳೆ. ಬೆನ್ನಿನ ಬ್ಯಾಗಿಗೆ ಕಟ್ಟಿದ ಗಂಟೆ... ಕಿಣಿ, ಕಿಣಿ. ಆ ತಿಂಗಳಲ್ಲಿ ಅಲ್ಲಿ ಕರಡಿ ಕೆಳಗಿಳಿಯುತ್ತೆ, ಗಂಟೆ ಸದ್ದಿಗೆ ಅದೇ ದೂರ ಸರಿಯಲಿ ಅಂತ ಊರವರೆಲ್ಲ ಕಟ್ಟಿಕೊಳ್ಳುತ್ತಾರೆ. ಕೊನೆಯ ಬೀದಿದೀಪ ದಾಟಿದರೆ ಒಂದು ಗಿಂಕ್ಗೊ ಮರ, ಅದರ ಕೆಳಗೆ ಕಲ್ಲುಕಟ್ಟೆಯ ಹಳೇ ಬಾವಿ. ಬಾವಿಯ ಬಾಯಿಗೆ ಬಿದಿರಿನ ತಟ್ಟಿ.

ಬಾವಿ ಹತ್ತಿರ ಬಂತು. ಕಿಣಿ, ಕಿಣಿ...

ಕಟಕ್.

ಗಂಟೆಯಲ್ಲ. ಗಂಟೆಯ ಕೆಳಗೆ, ಬ್ಯಾಗಿನ ಒಳಗೆ. ಎಣ್ಣೆ ಹಾಕಿದ ಬೀಗದೊಳಗೆ ಹಲ್ಲು ತಿರುಗಿದ ಹಾಗೆ.

ಅಹಲ್ಯಾ ನಿಂತಳು. ಗಂಟೆಯೂ ನಿಂತಿತು.

ಕಟಕ್... ಕಟಕ್.

ಆ ಬ್ಯಾಗಿನಲ್ಲಿ ಇದ್ದದ್ದು ಒಂದು ರಿವಾಲ್ವರ್. ಗಾಬರಿ ಬೇಡ, ಕಾನೂನು ಒಪ್ಪಿದ್ದೇ. ಸಮುರಾಯಿಗಳ ಕೊನೆಗಾಲದಲ್ಲಿ ಹಡಗಿನಲ್ಲಿ ಬಂದ ಹಳೇ ಮಾಲು. ಅದಕ್ಕೆ ಕಾಡತೂಸು ಇಲ್ಲ. ಸಿಲಿಂಡರಿನ ಒಂದೊಂದು ಕೋಣೆಗೂ ಕರಿಮದ್ದು ಸುರಿದು, ಸೀಸದ ಗುಂಡು ಜಡಿದು, ಹಿಂದೆ ಕಿಡಿ ಹೊತ್ತಿಸೋ ಕೇಪು ಸಿಕ್ಕಿಸಿ ಹೊಡೆಯಬೇಕು. ಬೇರೆ ದೇಶಗಳಲ್ಲಿ ಇಂಥದ್ದರ ಹೊಸ ನಕಲು ಮಾಡಿಸಿ ಹೊಡೆಯುವ ಶೋಕಿ ಇದೆ. ಜಪಾನಿನಲ್ಲಿ ಗುಂಡು ಹಾರಿಸುವ ನಕಲು ಇಟ್ಟುಕೊಳ್ಳುವ ಹಾಗಿಲ್ಲ, ನೋಂದಣಿಯಾದ ಹಳೇ ಅಸಲಾದರೆ ಸರಿ. ಹಾಗಾಗಿ ಭಾನುವಾರ ಬಂತೆಂದರೆ ಬೆಟ್ಟದ ಮೇಲಿನ ರೇಂಜಿನಲ್ಲಿ ಒಂದಷ್ಟು ಮುದುಕರು ಸೇರಿ, ಬಿಳಿ ಹೊಗೆ ಎಬ್ಬಿಸಿಕೊಂಡು ಖುಷಿಯಾಗಿರುತ್ತಿದ್ದರು. ಅವರ ಮಧ್ಯೆ ಚೂಡಿದಾರದವಳು ಒಬ್ಬಳೇ, ನಮ್ಮ ಅಹಲ್ಯಾ.

ಕಲಿಸಿದವರು ಕುರಾತಾ-ಸಾನ್, ಅಂದರೆ ಕುರಾತಾ ಅವರು. ರಿವಾಲ್ವರ್ ಅವರದೇ. ಇವಳು ಅವರನ್ನು ಸೆನ್ಸೇಯಿ ಅನ್ನುತ್ತಿದ್ದಳು, ಅಲ್ಲಿ ಗುರುಗಳನ್ನು ಹಾಗೇ ಕರೆಯೋದು. ಮಹಾ ಕಟ್ಟುನಿಟ್ಟು ಮನುಷ್ಯ. ಮದ್ದು ಕಡಿಮೆ ಹಾಕಿದಾಗ ಉಳಿದ ಜಾಗ ತುಂಬೋಕೆ ರವೆ ಹಾಕುತ್ತಾರೆ... ಹೌದು, ಉಪ್ಪಿಟ್ಟಿನ ರವೆಯೇ. ಇವಳು ಊರಿಂದ ತಂದ ರವೆ ಕೊಟ್ಟಾಗ ಕುರಾತಾ ಬೆರಳಲ್ಲಿ ಉಜ್ಜಿ ನೋಡಿ, "ಇದು ಚೆನ್ನಾಗಿದೆ" ಅಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ಅದೊಂದೇ ಸಲ.

ಜಗಳ ಹತ್ತಿದ್ದು ಕೊಬ್ಬಿಗೆ. ಗುಂಡು ಜಡಿದ ಮೇಲೆ ಕೋಣೆಯ ಬಾಯಿಗೆ ಕೊಬ್ಬು ಮೆತ್ತಬೇಕು. ಇಲ್ಲದಿದ್ದರೆ ಒಂದರ ಕಿಡಿ ಪಕ್ಕದ್ದಕ್ಕೆ ಹಾರಿ ಎಲ್ಲ ಒಟ್ಟಿಗೆ ಸಿಡಿಯುತ್ತೆ. ಕುರಾತಾ ಮೆತ್ತುತ್ತಿದ್ದದ್ದು ದನದ ಕೊಬ್ಬು.

"ಅದನ್ನ ನಾನು ಮುಟ್ಟಲ್ಲ, ಸೆನ್ಸೇಯಿ."

"ಹಾಗಾದರೆ ಹೊಡೀಬೇಡ."

"ಹೊಡೀತೀನಿ. ಬೇರೆ ಏನಾದರೂ ಮೆತ್ತಿ ಹೊಡೀತೀನಿ."

ಮೆತ್ತಿದಳು. ಏನನ್ನ? ತುಪ್ಪ. ಮನೆಯಲ್ಲೇ ಕಾಸಿದ, ಘಮಘಮ ಅನ್ನೋ ಹರಳು ತುಪ್ಪ. ಚಳಿಗಾಲ ಇದ್ದಿದ್ದರೆ ನಡೀತಿತ್ತೇನೋ. ಅದು ಅದರ ಹಿಂದಿನ ವರ್ಷದ ಆಗಸ್ಟ್. ಬಿಸಿಲಿಗೆ ತುಪ್ಪ ಕರಗಿ ಕೋಣೆಯ ಬಾಯಿಂದ ಇಳಿದುಹೋಗಿದೆ, ಇವಳಿಗೆ ಗೊತ್ತೇ ಆಗಿಲ್ಲ. ಟ್ರಿಗರ್ ಒತ್ತಿದಳು.

ಢಢಢಂ.

ಒಂದೇ ಸಲಕ್ಕೆ ಮೂರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹೊಗೆ ಕರಗಿದಾಗ ಕುರಾತಾ ಬೋಳುತಲೆಯಲ್ಲಿ ನಿಂತಿದ್ದರು, ಟೋಪಿ ಎಲ್ಲೋ ಹಾರಿಹೋಗಿತ್ತು. ಕೈ ಚಾಚಿ ರಿವಾಲ್ವರ್ ಇಸಕೊಂಡರು. ಮರುವಾರ ಅಂಗಡಿಯಿಂದ ಆಟಿಕೆ ನಕಲೊಂದನ್ನು ತಂದು ಅವಳ ಕೈಗಿಟ್ಟರು. ನಳಿಗೆ ಮುಚ್ಚಿದ್ದು, ಅಸಲಿ ಅನ್ನಿಸಬಾರದು ಅಂತ ಕಾನೂನಿನ ಪ್ರಕಾರ ಕೇಸರಿಬಾತಿನ ಬಣ್ಣ ಬಳಿದದ್ದು.

"ನೀನು ಇದರಲ್ಲಿ ಆಡಿಕೋ."

ಮುದುಕರೆಲ್ಲ ನಕ್ಕರು. ಅಹಲ್ಯಾ ತಲೆಬಾಗಿ ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿದಳು, ಮನೆಗೆ ಬಂದು ಬಾಣಲೆ ಒಲೆ ಮೇಲಿಟ್ಟಳು. ಚಳಿಗಾಲ ಪೂರ್ತಿ ಅದೇ ಕೆಲಸ. ಜೇನುಮೇಣ, ಕೊಬ್ಬರಿ ಎಣ್ಣೆ... ಕರಗಿಸೋದು, ಆರಿಸೋದು, ಬಿಸಿಲಿನ ಲೆಕ್ಕಕ್ಕೆ ಹೀಟರ್ ಮುಂದೆ ಇಡೋದು. ಇಳಿದರೆ ಮತ್ತೆ ಮೊದಲಿಂದ. "ಅಡುಗೆಮನೇಲಿ ಹುಳಿ ಯಾವುದು, ಮೇಣ ಯಾವುದು ಗೊತ್ತಾಗ್ತಿಲ್ಲ ಕಣೇ" ಅಂತ ರಾಘವ್ ಗೊಣಗುತ್ತಿದ್ದ. ಕೊನೆಗೆ ಹೀಟರ್ ಮುಂದೆಯೂ ಜಪ್ಪಯ್ಯ ಅನ್ನದ ಮೇಣ ಸಿದ್ಧವಾಯಿತು. ಒಂದು ಡಬ್ಬಿಗೆ ಹಾಕಿಕೊಂಡು ಸೆನ್ಸೇಯಿಗೆ ತೋರಿಸೋಕೆ ಹೋದಳು.

ಅವರ ಮನೆ ಮುಂದೆ ಕಪ್ಪು ಬಟ್ಟೆಯವರು ನಿಂತಿದ್ದರು. ಕುರಾತಾ ಹಿಂದಿನ ರಾತ್ರಿ ಹೋಗಿಬಿಟ್ಟಿದ್ದರು. ಹೋಗುವ ಮುಂಚೆ ಹೆಂಡತಿ ಫುಮಿಕೊ-ಸಾನ್ ಕೈ ಹಿಡಿದು ಹೇಳಿದ್ದಂತೆ... "ರಿವಾಲ್ವರ್ ಅವಳಿಗೆ ಬೇಡ."

ಅದನ್ನು ನಮಗೆ ಕೊಡಿ ಅಂತ ಬೇರೆ ಯಾರೂ ಕೇಳಲಿಲ್ಲ. ಯಾಕೆಂದರೆ ಅದನ್ನಿಟ್ಟ ಕಬ್ಬಿಣದ ಕಪಾಟಿನಿಂದ ರಾತ್ರಿ ಸದ್ದು ಬರೋಕೆ ಶುರುವಾಗಿತ್ತು. ಕಟಕ್, ಕಟಕ್... ಖಾಲಿ ಸಿಲಿಂಡರ್ ಯಾರೋ ತಿರುಗಿಸಿ ಪರೀಕ್ಷೆ ಮಾಡಿದ ಹಾಗೆ. ಫುಮಿಕೊ-ಸಾನ್‌ಗೆ ಅಕ್ಟೋಬರ್ ಬರುವಷ್ಟರಲ್ಲಿ ನಿದ್ದೆಯೇ ಹತ್ತದಂತಾಯಿತು. ದೂರದ ಮಿನಾಟೋದಲ್ಲಿರುವ ಮಗ ಫೋನಿನಲ್ಲೇ ತೀರ್ಮಾನ ಮಾಡಿದ, ಸೋಮವಾರ ಬಂದು ಪೊಲೀಸರಿಗೆ ಒಪ್ಪಿಸಿಬಿಡ್ತೀನಿ ಅಂತ. ಒಪ್ಪಿಸಿದರೆ ಮುಗೀತು, ಅದನ್ನ ಜಜ್ಜಿ ಹಾಕುತ್ತಾರೆ.

ಶನಿವಾರ ಸಂಜೆ ಅಹಲ್ಯಾ ಹೋಗಿ ಕೂತಳು.

"ನನಗೆ ಕೊಡಿ, ಫುಮಿಕೊ-ಸಾನ್."

"ಅವರು ಬೇಡ ಅಂದಿದ್ದಾರಮ್ಮ."

"ನೀವು ಅವರ ಮಾತು ಯಾವಾಗ ಕೇಳಿದ್ದೀರಿ?"

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. "ಅದೂ ನಿಜ. ಫ್ರಿಜ್ ಬೇಡ ಅಂದರು, ತಂದುಬಿಟ್ಟೆ. ಬೆಕ್ಕು ಬೇಡ ಅಂದರು, ತಂದುಬಿಟ್ಟೆ." ಎದ್ದು ಕಪಾಟಿನ ಬೀಗದ ಕೈ ತೆಗೆದರು. "ನಾಳೆ ಒಂದು ಸುತ್ತು ಹೊಡಿ. ಎಲ್ಲ ಒಂದೊಂದಾಗಿ, ಸರಿಯಾಗಿ ಹೋದರೆ ನಿನ್ನದು. ಮಗನಿಗೆ ನಾನೇ ಹೇಳ್ತೀನಿ. ಕೆಟ್ಟರೆ ಸೋಮವಾರ ಅವನು ಒಯ್ತಾನೆ."

ಹೀಗೆ ಆ ರಾತ್ರಿ ಅವಳ ಬೆನ್ನಮೇಲೆ ಅದು ಇತ್ತು. ಬಾವಿಯ ಹತ್ತಿರ ಇವಳು ನಿಂತಿದ್ದಳು.

ಕಟಕ್.

ಉದುರಿದ ಗಿಂಕ್ಗೊ ಹಣ್ಣಿನ ಕೆಟ್ಟ ವಾಸನೆ ಅಲ್ಲಿ ಯಾವಾಗಲೂ ಇರುತ್ತೆ. ಈಗ ಅದರ ಮೇಲೆ ಇನ್ನೊಂದು ವಾಸನೆ... ಗಂಧಕ. ಈಗಷ್ಟೇ ಈಡು ಹಾರಿಸಿದ ಕೋವಿಯ ವಾಸನೆ.

ಬಾವಿಕಟ್ಟೆಯ ಮೇಲೆ ಬಿದಿರಿನ ತಟ್ಟಿ ಕಿರ್... ಅಂತು. ಯಾರೋ ಭಾರ ಬಿಟ್ಟು ಕೂತ ಹಾಗೆ.

"ಅಹರ್ಯಾ-ಸಾನ್."

ಪಿಸುಮಾತು. ನಾಲಿಗೆಗೆ ಲ ತಿರುಗದೆ ಹಾಗೆ ಹೆಸರು ಕರೆಯುತ್ತಿದ್ದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಹಾಗೆ ಗದರುತ್ತಿದ್ದವರು ಒಬ್ಬರೇ.

"ಇಟ್ಟು ಹೋಗು."

ಬೇರೆ ಯಾರಾದರೂ ಆಗಿದ್ದರೆ ಇಟ್ಟು ಓಡುತ್ತಿದ್ದರು. ಸೋದರಮಾವನಂಥ ಸೋದರಮಾವನೂ ಒಂದು ಹೆಜ್ಜೆ ಹಿಂದಿಡುತ್ತಿದ್ದನೇನೋ, ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೆ. ಅಹಲ್ಯಾಳ ಕೈಯೂ ಬ್ಯಾಗಿನ ಪಟ್ಟಿ ಬಿಚ್ಚೋಕೆ ಹೋಯಿತು. ಆದರೆ ಆ ಕೇಸರಿಬಾತಿನ ಬಣ್ಣ ನೆನಪಾಯಿತು. ಕೋಪ ಬಂತು. ಹೋಗಿ ಬಾವಿಕಟ್ಟೆಯ ಇನ್ನೊಂದು ತುದಿಗೆ ಕೂತಳು.

"ಇಡಲ್ಲ, ಸೆನ್ಸೇಯಿ."

"ತುಪ್ಪ..." ಅಂತು ಕತ್ತಲು.

"ಹೌದು, ತುಪ್ಪ ಮೆತ್ತಿದ್ದು ನನ್ನದೇ ತಪ್ಪು. ಅದಕ್ಕೆ ಒಂದು ಚಳಿಗಾಲ ಪೂರ್ತಿ ಬಾಣಲೆ ಕಲಕಿದೀನಿ. ನೀವು ನೋಡೋಕೆ ಮುಂಚೆ ಹೊರಟುಹೋದಿರಿ. ಅದು ನನ್ನ ತಪ್ಪಾ?"

ಎಲೆಯೊಂದು ಬಿತ್ತು, ಟಪ್.

ಡಬ್ಬಿ ತೆಗೆದಳು. ಮುಚ್ಚಳ ತಿರುಚಿದಳು, ಕರ್... ಕತ್ತಲಿಗೆ ಚಾಚಿ ಹಿಡಿದಳು. "ಮುಟ್ಟಿ ನೋಡಿ. ಆಮೇಲೆ ಬೇಡ ಅನ್ನಿ. ದನದ ಕೊಬ್ಬು ಮಾತ್ರ ನಾನು ಮುಟ್ಟಲ್ಲ. ಬದುಕಿದ್ದಾಗ ಹೆದರಿಸಿದರೂ ಮುಟ್ಟಲಿಲ್ಲ, ಸತ್ತು ಬಂದು ಹೆದರಿಸಿದರೂ ಮುಟ್ಟಲ್ಲ."

ಡಬ್ಬಿ ತಣ್ಣಗಾಯಿತು. ಐಸ್ ಹಿಡಿದ ಹಾಗೆ. ಆಮೇಲೆ ನಿಧಾನಕ್ಕೆ... ಅದರ ಮೇಲೆ ಭಾರ ಬಿತ್ತು. ಅವಳ ಕೈ ಕೆಳಗೆ ಹೋಯಿತು. ಅವಳು ಮೇಲಕ್ಕೇ ತಳ್ಳಿ ಹಿಡಿದಳು.

ತಟ್ಟಿ ಮತ್ತೆ ಕಿರ್ ಅಂತು. ಭಾರ ಹೋಯಿತು.

ಮನೆಗೆ ಬಂದಾಗ ಸಾಹಿತ್ಯ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಅಮ್ಮ, ಕುಸಾಯ್. ಯೂ ಸ್ಮೆಲ್ ಲೈಕ್ ಎಗ್."

"ಗಿಂಕ್ಗೊ ತುಳಿದೆ ಪುಟ್ಟಿ" ಅಂದಳು ಅಹಲ್ಯಾ. ಗಂಡನಿಗೂ ಅಷ್ಟೇ ಹೇಳಿದಳು.

ಮಾರನೇ ಬೆಳಗ್ಗೆ ರೇಂಜು. ಮುದುಕರೆಲ್ಲ ಸಾಲಾಗಿ ನಿಂತಿದ್ದರು. ಅವರಲ್ಲಿ ಹಿರಿಯರಾದ ನಿಶಿದಾ-ಸಾನ್, ಬೇಕೆಂದೇ ಟೋಪಿ ತೆಗೆದು ಚೀಲದೊಳಗೆ ಇಟ್ಟುಕೊಂಡರು.

"ಹಾರಿಹೋದೀತು" ಅಂದರು.

"ತಲೆ ಭದ್ರ ಇದ್ದರೆ ಸಾಕು, ನಿಶಿದಾ-ಸಾನ್" ಅಂದಳು.

ಮದ್ದು. ರವೆ. ಗುಂಡು. ಗುಂಡು ಜಡಿಯುವ ಸನ್ನೆಗೋಲು ಒತ್ತಿದಾಗ ಕೂತ ಗುಂಡಿನ ಸುತ್ತ ಸೀಸದ ಸಣ್ಣ ಉಂಗುರ ಕೆತ್ತಿ ಬಿತ್ತು. ಮೇಲೆ ಮೇಣ. ಅಲ್ಲಿಯ ಕ್ರಮದಂತೆ ಒಂದು ಕೋಣೆ ಖಾಲಿ ಬಿಟ್ಟು ಐದಕ್ಕೆ ತುಂಬಿದಳು. ಕೇಪು ಸಿಕ್ಕಿಸಿದಳು. ಕೇಪಿಗೆ ಬಡಿಯುವ ಕುದುರೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದಳು.

ಢಮ್.

ಒಂದೇ. ಪಕ್ಕದವು ಕದಲಲಿಲ್ಲ. ಢಮ್... ಢಮ್... ಢಮ್. ಹೊಗೆ ಮುಖಕ್ಕೆ ಬಡಿಯಿತು. ಹಿಂದೆ ಯಾರೂ ನಗುತ್ತಿರಲಿಲ್ಲ.

ಕೊನೆಯದು. ಟ್ರಿಗರ್ ಒತ್ತಿದಳು.

ಟಿಕ್.

ಅಷ್ಟೇ. ಹಾರಲಿಲ್ಲ. ಕೇಪು ಸಿಡಿಯದಿದ್ದರೆ ಕೋವಿ ಇಳಿಸೋ ಹಾಗಿಲ್ಲ, ತಡವಾಗಿ ಹಾರಬಹುದು. ಗುರಿಯ ಕಡೆಗೇ ಹಿಡಿದು ಕಾಯಬೇಕು. ಕಾದಳು. ತೋಳು ನೋಯುತ್ತಿತ್ತು. ಇದೊಂದು ಹೋಗದಿದ್ದರೆ ನಾಳೆ ಮಗ ಬರುತ್ತಾನೆ, ಎಲ್ಲ ಮುಗಿಯುತ್ತೆ.

ಆಗ... ಅವಳ ಹೆಬ್ಬೆರಳ ಮೇಲೆ ಇನ್ನೊಂದು ಹೆಬ್ಬೆರಳು ಬಂದು ಕೂತಿತು. ತಣ್ಣಗಿನದು, ಒರಟಾದದ್ದು. ಕುದುರೆಯನ್ನು ಹಿಂದಕ್ಕೆಳೆಯೋಕೆ ಶುರುಮಾಡಿತು.

ಅಹಲ್ಯಾ ತಿರುಗಿ ನೋಡಲಿಲ್ಲ. ತುಟಿ ಮಾತ್ರ ಅಲುಗಿತು, ಅದೂ ಕನ್ನಡದಲ್ಲಿ.

"ಕೈ ತೆಗೀರಿ. ನಾನೇ ಹೊಡೀತೀನಿ."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳು ಸರಿಯಿತು.

ಅರ್ಧ ಎಳೆದು, ಅದೇ ಕೋಣೆ ಮತ್ತೆ ಬರುವ ಹಾಗೆ ಸಿಲಿಂಡರ್ ತಿರುಗಿಸಿ, ಅವಳೇ ಪೂರ್ತಿ ಎಳೆದಳು. ಕಟಕ್. ಒತ್ತಿದಳು.

ಢಮ್.

ನಿಶಿದಾ-ಸಾನ್ ಚೀಲದಿಂದ ಟೋಪಿ ತೆಗೆದು ತಲೆಗೆ ಹಾಕಿಕೊಂಡರು. ಮತ್ತೆ ಅದನ್ನೇ ತೆಗೆದು ಅವಳಿಗೆ ತಲೆಬಾಗಿದರು.

ನೇರ ಫುಮಿಕೊ-ಸಾನ್ ಮನೆಗೆ ಹೋದಳು. ರಾತ್ರಿ ಕಪಾಟು ಸುಮ್ಮನಿತ್ತಂತೆ, ಅಜ್ಜಿ ಚೆನ್ನಾಗಿ ನಿದ್ದೆ ಮಾಡಿದ್ದರು. ಇವಳು ಬಾಯಿ ತೆಗೆಯೋ ಮುಂಚೆಯೇ, "ಗೊತ್ತಾಯಿತು, ಎಲ್ಲ ಸರಿಯಾಗಿ ಹೋಯಿತು ಅಲ್ಲವಾ? ಇನ್ನು ಅದು ನಿನ್ನದು" ಅಂದರು.

"ನಿಮಗೆ ಯಾರು ಹೇಳಿದರು?"

ಅಜ್ಜಿ ಒಳಕೋಣೆಗೆ ಕರೆದುಕೊಂಡು ಹೋದರು. ಕುರಾತಾ ಫೋಟೋ ಮುಂದೆ ದಿನಾ ಬೆಳಗ್ಗೆ ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ಅನ್ನ ಇಡುತ್ತಾರೆ. ಆ ಬಟ್ಟಲಿನ ಅಂಚಿಗೆ ಕಪ್ಪಗೆ ಹೆಬ್ಬೆರಳಿನ ಗುರುತು.

"ಬೆಳಗ್ಗೆ ಅನ್ನ ಇಟ್ಟಾಗ ಇರಲಿಲ್ಲ. ನೋಡಿದಾಗಿನಿಂದ ಒರೆಸ್ತಾ ಇದೀನಿ, ಹೋಗ್ತಿಲ್ಲ" ಅಂದರು.

ಇದನ್ನು ಅಹಲ್ಯಾ ಫೋನಿನಲ್ಲಿ ತಾನೇ ಹೇಳಿದ್ದು. ಆನೆಯ ಕತೆಯಲ್ಲಿ ಬೇಕಾದರೆ ಸ್ವಲ್ಪ ಕಳೆದುಕೊಳ್ಳಿ. ಇದರಲ್ಲಿ ಒಂದಕ್ಷರ ಕಳೆಯೋ ಹಾಗಿಲ್ಲ, ನಡೆದದ್ದೇ ಹೀಗೆ.

ಕರಿಮದ್ದಿನ ಮಸಿ ಒರೆಸಿದರೆ ಹರಡುತ್ತೆ, ಹೋಗೋದಿಲ್ಲ. ಅಹಲ್ಯಾ ಕೆಟಲ್ ಇಟ್ಟು, ಬಟ್ಟಲಿನ ಮೇಲೆ ಬಿಸಿನೀರು ಸುರಿದಳು. ಆಗ ಹೋಯಿತು.