ಗೆರೆ ಕಾಯುವವರು

ಅಮೆರಿಕದ ಒಂದೂರಿನಲ್ಲಿ, ದೊಡ್ಡದೊಂದು ಸರೋವರದ ದಂಡೆಯಲ್ಲಿ, ಒಬ್ಬ ಶ್ರೀಮಂತನಿದ್ದ. ಅವನಿಗೊಂದು ಫುಟ್‌ಬಾಲ್ ತಂಡವಿತ್ತು. ನೋಡಿ, ಅವರ ಫುಟ್‌ಬಾಲು ನಮ್ಮದರಂತಲ್ಲ. ಚೆಂಡನ್ನು ಎದೆಗವಚಿಕೊಂಡು ಓಡಿ ಎದುರಾಳಿಯ ಗೆರೆ ದಾಟಬೇಕು. ಒಂದೇ ತಂಡದಲ್ಲಿ ಎರಡು ಪಡೆ. ಚೆಂಡು ನಮ್ಮದಾದಾಗ ನುಗ್ಗುವವರು ಬೇರೆ, ಅವರದಾದಾಗ ತಡೆಯುವವರು ಬೇರೆ.

ಶ್ರೀಮಂತನಿಗೆ ನುಗ್ಗುವವರೆಂದರೆ ಪ್ರಾಣ. “ಈಗಿನ ನಿಯಮ ಎಲ್ಲಾ ನುಗ್ಗೋರ ಕಡೀಗೇ ಅದಾವ. ತಡಿಯೋರನ್ನ ನೋಡಾಕ ಯಾರು ಬರ್ತಾರ?” ಎಂದ. ಹೊಸ ಹುಡುಗರನ್ನು ತಂದು, ಪಳಗಿದ ತಡೆಗಾರರನ್ನೆಲ್ಲ ಮನೆಗೆ ಕಳಿಸಿದ. ಅವರಲ್ಲಿ ಹಿರಿಯ, ಓಡೆಲ್ ಎಂಬವನು, ಹೋಗುವಾಗ ಒಂದೇ ಮಾತು ಹೇಳಿದ: “ಗೆರಿ ಖಾಲಿ ಬಿಡಬ್ಯಾಡ್ರಿ, ಸಾಹೇಬ್ರ.”

ಕೇಳಿದನೇ? ಎಲ್ಲಿ ಕೇಳುತ್ತಾನೆ!

ತಂಡ ಗೆದ್ದಿತು, ಮತ್ತೆ ಗೆದ್ದಿತು. ಕೊನೆಯ ಪಂದ್ಯ ಬಂತು. ಮಧ್ಯಾಹ್ನ. ಸರೋವರದ ಕಡೆಯಿಂದ ಮಂಜು ಎದ್ದು ಮೈದಾನಕ್ಕೆ ಇಳಿಯಿತು. ಶ್ರೀಮಂತನ ಹುಡುಗರು ಕ್ಷಣದಲ್ಲಿ ಅಂಕ ಗಳಿಸುತ್ತಿದ್ದರು. ಆದರೆ ಎಷ್ಟು ಬೇಗ ಗಳಿಸಿದರೋ ಅಷ್ಟೇ ಬೇಗ ಚೆಂಡು ಎದುರಾಳಿಗಳ ಕೈಗೆ! ತಡೆಯಲು ನಿಂತ ಹೊಸಬರು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಅವರು ಗೆರೆ ದಾಟಿರುತ್ತಿದ್ದರು.

ಶ್ರೀಮಂತ ತಾನೇ ಮೈದಾನದ ಅಂಚಿಗೆ ಓಡಿ ಬಂದ. “ತಡೀರಿ! ಯಾಕ ತಡೀವಲ್ರಿ?” ಎಂದು ಕೂಗಿದ.

ತಡೆಯುತ್ತಿದ್ದ ಹೊಸಬನೊಬ್ಬ ಅವನತ್ತ ಮುಖ ತಿರುಗಿಸಿದ. ತುಟಿ ಬೆಳ್ಳಗಾಗಿತ್ತು. “ಹನ್ನೊಂದು ಮಂದಿ ಅಲ್ರಿ ಅವರು. ಹೆಜ್ಜಿ ಕೇಳ್ರಿ.”

ಕೇಳಿದ. ಮಂಜಿನೊಳಗಿಂದ ಹೆಜ್ಜೆಗಳು. ನೂರು, ಇನ್ನೂರು. ಪ್ರೇಕ್ಷಕರ ಕೂಗು ಎಲ್ಲೋ ನಿಂತುಹೋಗಿತ್ತು. ಅವನು ಗೆರೆಯ ಮೇಲೆ ಹೋಗಿ ಕೈ ಚಾಚಿ ಅಡ್ಡ ನಿಂತ. ಯಾರೂ ತಾಗಲಿಲ್ಲ, ತಣ್ಣನೆಯ ಗಾಳಿಯೊಂದು ಎದೆಯನ್ನು ಹಾದುಹೋಯಿತು. ಬೆನ್ನ ಹಿಂದೆ, ಗೆರೆಯಾಚೆ, ದೊಪ್ಪೆಂದು ಚೆಂಡು ಬಿತ್ತು. ಪಂದ್ಯ ಮುಗಿಯಿತು.

ಸೋತದ್ದಿರಲಿ. ಆ ಹೆಜ್ಜೆಗಳು ಅವನ ಜೊತೆ ಮನೆಗೂ ಬಂದವು. ಊಟಕ್ಕೆ ಕೂತರೆ ಕೇಳಿಸುತ್ತಿದ್ದವು, ಮಾತಿಗೆ ಕೂತರೆ ಕೇಳಿಸುತ್ತಿದ್ದವು. ಹೆಂಡತಿಗೆ ಕೇಳಿಸದು, ಆಳುಗಳಿಗೆ ಕೇಳಿಸದು. ಒಂಬತ್ತನೆಯ ದಿನ ಓಡೆಲ್‌ನ ಮನೆಗೆ ಹೋಗಿ ಬಾಗಿಲು ಬಡಿದ.

ಓಡೆಲ್ ಅವನ ಮುಖ ನೋಡಿದವನೇ ಕೇಳಿದ, “ಹೆಜ್ಜಿ ಕೇಳಸಾಕ ಹತ್ಯಾವೇನು?”

“ನಿನಗೂ?”

“ಇಪ್ಪತ್ತು ವರ್ಷ ಆತ್ರಿ. ಗೆರಿ ಮ್ಯಾಲೆ ನಾವು ಸುಮ್ನ ನಿಂತಿದ್ವಿ ಅಂತ ತಿಳಿದಿದ್ರೇನು? ಆ ಹೆಜ್ಜಿ ಒಳಗ ಬರದಂಗ ಕಾದ್ವಿ.”

 ಶ್ರೀಮಂತ ತಾನು ಕಳಿಸಿದವರನ್ನೆಲ್ಲ ವಾಪಸು ಕರೆದ. ಅವರು ಬಂದರು, ಗೆರೆಯ ಮೇಲೆ ನಿಂತರು. ಆದರೆ ಅವನ ಕಿವಿಯೊಳಗಿನ ಸದ್ದು ಸಾಯುವತನಕ ಹೋಗಲಿಲ್ಲ.

ತಾಯಂದಿರೇ, ಅಣ್ಣಂದಿರೇ, ನೀವೂ ನುಗ್ಗುತ್ತೀರಿ. ಗಳಿಸಬೇಕು, ಗೆಲ್ಲಬೇಕು, ವಾದದಲ್ಲಿ ಮೇಲಾಗಬೇಕು. ತಪ್ಪಲ್ಲ, ಬರೀ ಬಾಗಿಲು ಕಾಯುತ್ತ ಕೂತವನೂ ಏನೂ ಗೆಲ್ಲುವುದಿಲ್ಲ. ಆದರೆ ನೀವು ಹೊರಗೆ ನುಗ್ಗಿದಾಗ ಒಳಗೆ ನುಗ್ಗುವುದನ್ನು ತಡೆಯುವವರು ಯಾರು? ಸಿಟ್ಟು ಬರುತ್ತದೆ, ಹೊಟ್ಟೆಕಿಚ್ಚು ಬರುತ್ತದೆ, ಕುಡಿತ ಬರುತ್ತದೆ. ಯಾರು ನಿಂತಿದ್ದಾರೆ ಅಲ್ಲಿ?

ನಿಮ್ಮ ಮನೆಯಲ್ಲಿ “ಬ್ಯಾಡ” ಅನ್ನುವವರು ಒಬ್ಬರಿದ್ದಾರೆ. ಹೆಂಡತಿ ಇರಬಹುದು, ಗಂಡ ಇರಬಹುದು, ತಾಯಿ ಇರಬಹುದು. ಅವರನ್ನು ಅಡ್ಡಗಾಲು ಅಂತ ಬೈಯುತ್ತೀರಿ, ಹೌದಲ್ಲ? ಇವತ್ತು ಮನೆಗೆ ಹೋಗಿ. ಅವರು “ಬ್ಯಾಡ” ಅಂದಾಗ ಎದ್ದು ಹೋಗಬೇಡಿ. ಕೂತು, ಯಾಕೆ ಅಂತ ಕೇಳಿ.