ಸಂಗು ಊದುವ ಮುಂಚೆ ಹೊರಟ ಬಸ್ಸು

ನಾನು ಬಂಗಾರಪೇಟೆಯಲ್ಲಿ ಒಂದು ಸಲ ಕೂಗಿದರೆ ಜೋಲಾರಪೇಟೆಯಲ್ಲಿ ರೈಲು ನಿಲ್ಲುತ್ತದೆ. ಕಿವಿಯೂ ಅಷ್ಟೇ ಚುರುಕು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಟೀ ಅಂಗಡಿಯಲ್ಲಿ ಬಸ್ಸಿನ ಮಾಲೀಕ ಕೋದಂಡಪ್ಪ, ಅವನ ಡ್ರೈವರ್ ಪೆರುಮಾಳ್ ನನ್ನ ಬೆನ್ನ ಹಿಂದೆಯೇ ಕೂತಿದ್ದರು. ಶಿಫ್ಟು ಮುಗಿದಾಗ ಊದುವ ಗಣಿಯ ಸೈರನ್ನಿಗೆ ನಾವೆಲ್ಲ ಸಂಗು ಅನ್ನುತ್ತಿದ್ದೆವು.

"ಬಸ್ಸು ಮಾರ್ಬಿಡ್ತೀನಿ ಕಣ್ಲಾ ಪೆರುಮಾಳು. ಆ ಹೊಸ ಬಸ್ಸು ನಮಗಿಂತ ಮುಂಚೆ ಓಯ್ತದೆ, ದಿನಾ ಫುಲ್ಲಂತೆ."

"ಬ್ಯಾಡ ಮೊದಲಾಳಿ! ಅದು ಗಣಿ ಸಂಗು ಊದೋಕೆ ಮುಂಚೇನೇ ಓಯ್ತದೆ. ಶಿಫ್ಟು ಬಿಡದೆ ಯಾವ ಆಳು ಬಸ್ಸು ಅತ್ತಾನೆ?"

"ಅಂಗಾರೆ ನಾವು?"

"ಸಂಗು ಊದಿದ್ ಮ್ಯಾಲೆ ಗಾಡಿ ಎತ್ತಾನ. ಆಳುಗಳೆಲ್ಲ ನಮ್ಗೇ!"

"ಮತ್ತೆ ಅವರ ಏಜೆಂಟು ಫುಲ್ಲು ಫುಲ್ಲು ಅಂತ ಅರಚ್ತಾನಲ್ಲ, ಸುಳ್ಳಾ?"

ಟೀ ನೆತ್ತಿಗೇರಿ ನಾನು ಕೆಮ್ಮಿದೆ. ಪೆರುಮಾಳ್ ತಿರುಗಿ ನೋಡಿದ.

"ಅಯ್ಯಯ್ಯೋ ಮೊದಲಾಳಿ, ಆ ಏಜೆಂಟು ಇವನೇ!"

ಕೋದಂಡಪ್ಪ ನನ್ನ ಭುಜ ಹಿಡಿದ. "ನಿಜ ಏಳ್ಲಾ, ನಿಮ್ಮ ಬಸ್ಸಲ್ಲಿ ಯಾರ್ಯಾರು ಇರ್ತಾರೆ?"

"ಡ್ರೈವರು, ಕಂಡಕ್ಟರು ಇರ್ತಾರಣ್ಣ. ನಿನ್ನೆ ಎರಡು ಕೋಳೀನೂ ಇದ್ವು."

ಅಷ್ಟರಲ್ಲಿ ಸಂಗು ಊದಿತು. ಇಬ್ಬರೂ ನಗುತ್ತ ತಮ್ಮ ಬಸ್ಸಿನತ್ತ ಓಡಿದರು. ನಮ್ಮ ಬಸ್ಸು ನನ್ನನ್ನೂ ಬಿಟ್ಟು ಆಗಲೇ ಹೊರಟಿತ್ತು. ರೈಲಿನ ಮಾತು ಹಾಗಿರಲಿ, ಎಷ್ಟು ಕೂಗಿದರೂ ಆ ಬಸ್ಸೂ ನಿಲ್ಲಲಿಲ್ಲ.