ಸಿಹಿನೀರಿನ ಪೈಪಿನಿಂದ ತೆಗೆದ ವಾಲ್ವ್

ಹೆಸರು: ಸಾತಲಿಂಗಪ್ಪ. ವಯಸ್ಸು: 58. ಉದ್ಯೋಗ: ತರಬೇತಿ ಕೇಂದ್ರದಲ್ಲಿ ನಳದ ಕೆಲಸ ಕಲಿಸುವ ಶಿಕ್ಷಕ. ವಾಸ: ಅಕ್ಕಲಕೋಟ.

ಈ ಮೂಲಕ ತಿಳಿಸುವುದೇನೆಂದರೆ, ಹುಲಜಂತಿಯ ಗುರುಸಿದ್ಧ, ವಯಸ್ಸು 20, ನನ್ನ ವಿದ್ಯಾರ್ಥಿ. ಕುರಿ ಸಾಕುವ ಮನೆಯವನು. ಕೆಲಸ ಮುಗಿದ ಮೇಲೆ ಪೈಪಿನ ಪ್ರತಿಯೊಂದು ಜೋಡಣೆಯ ಕೆಳಗೂ ಸೋರುತ್ತಿದೆಯೇ ಎಂದು ಒಣ ಅಂಗೈ ಹಿಡಿದು ನೋಡದೆ ಏಳುವವನಲ್ಲ. ಅವನ ಮೇಲೆ ನನಗೆ ಬಹಳ ಭರವಸೆಯಿದೆ.

ದಿನಾಂಕ 8-10-2025, ಬುಧವಾರ, ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಕಲ್ಯಾಣಪ್ಪನವರ ಮನೆಯ ಅಡುಗೆಕೋಣೆಗೆ ಹೊಸ ಮಿಕ್ಸರ್ ನಳ ಕೂಡಿಸಲು ಅವನನ್ನು ಕರೆದೊಯ್ದೆನು. ಅದು ಅವನು ಒಬ್ಬನೇ ಮಾಡಬೇಕಾದ ಮೊದಲ ಕೆಲಸ. ಆ ಮನೆಯಲ್ಲಿ ಮಿಕ್ಸರ್ ಬಿಸಿನೀರು ತಣ್ಣೀರಿಗಲ್ಲ. ನಗರಪಾಲಿಕೆಯ ಸಿಹಿನೀರು ದಿನ ಬಿಟ್ಟು ದಿನ ಬರುವುದರಿಂದ ಅದನ್ನು ಅಡುಗೆಕೋಣೆಯ ಅಟ್ಟದ ಟಾಕಿಯಲ್ಲಿ ತುಂಬಿಡುತ್ತಾರೆ. ಬೋರಿನ ಉಪ್ಪುನೀರು ಮಾಳಿಗೆಯ ಮೇಲಿನ ಟಾಕಿಯಲ್ಲಿರುತ್ತದೆ. ಒಂದೇ ನಳಕ್ಕೆ ಎಡಕ್ಕೆ ಬೋರು, ಬಲಕ್ಕೆ ಸಿಹಿ ಬೇಕೆಂದು ಕಲ್ಯಾಣಪ್ಪನವರ ಹೆಂಡತಿ ಶಾರದಾಬಾಯಿ ಹೇಳಿದ್ದರು. ಎತ್ತರದಲ್ಲಿರುವುದರಿಂದ ಮಾಳಿಗೆಯ ನೀರಿನ ಒತ್ತಡ ಹೆಚ್ಚು. ಅದು ಸಿಹಿನೀರಿನ ಪೈಪಿಗೆ ನುಗ್ಗದಂತೆ, ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವ್ ಹಾಕಲು ಹೇಳಿದೆನು. ಗುರುಸಿದ್ಧ ಹಾಕಿದನು. ನಾನು ಪರೀಕ್ಷಿಸಿ, ಮಧ್ಯಾಹ್ನದ ತರಗತಿಗಾಗಿ ಹೊರಟುಬಂದೆನು.

ಮರುದಿನ ಗುರುವಾರ ಮನೆಯವರೆಲ್ಲ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಬಂದಿದ್ದರು. ನಳದ ಎರಡೂ ತಿರುವುಗಳು ತೆರೆದಿದ್ದವು. ಒತ್ತಿದರಷ್ಟೇ ನೀರು ಬಿಡುವ ಅದರ ಬಾಯಿ ಮುಚ್ಚಿತ್ತು. ಬೋರಿನ ನೀರು ಸಿಹಿನೀರಿನ ಪೈಪಿನಲ್ಲಿ ಹಿಂದಕ್ಕೆ ಏರಿ, ಅಟ್ಟದ ಟಾಕಿ ತುಂಬಿ ಚೆಲ್ಲಿ, ಕೆಳಗಿನ ಗೋದಾಮಿನಲ್ಲಿದ್ದ ದೀಪಾವಳಿಯ ಸೀರೆಗಳೆಲ್ಲ ತೊಯ್ದವು.

ಶುಕ್ರವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಮನೆಯ ಕೆಳಗಿನ ಅಂಗಡಿಗೆ ಕರೆಸಿದರು. ಮೇಲೆ ಹೋಗಿ ನೋಡಿದರೆ ಸಿಹಿನೀರಿನ ಪೈಪಿನಲ್ಲಿ ವಾಲ್ವ್ ಇರಲಿಲ್ಲ. ಕಲ್ಯಾಣಪ್ಪನವರ ಮಗ ಸೋಮೇಶ ಗಿರಾಕಿಗಳ ಮುಂದೆಯೇ, "ಕುರಿ ಕಾಯೂದು ಬಿಟ್ಟು ನಳಾ ತಿರುವೋ ಪಾನಾ ಹಿಡದ್ರ ಹಿಂಗ ಆಗ್ತದ. ಹೋಗಲೇ, ನಿನ್ನ ಕುರಿಗೋಳಿಗೆ ಮಿಕ್ಸರ್ ಹಚ್ಚು ಹೋಗು" ಎಂದರು. ಜನ ನಕ್ಕರು. ಏನಾಯಿತು ಹೇಳೆಂದು ನಾನು ಎರಡು ಸಲ ಕೇಳಿದರೂ ಗುರುಸಿದ್ಧ ಬಾಯಿ ಬಿಡಲಿಲ್ಲ. ಶಾರದಾಬಾಯಿ ಮೆಟ್ಟಿಲ ಮೇಲೆ ನಿಂತಿದ್ದರು. ಆಮೇಲೆ ಒಳಗೆ ಹೋದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಹೇಳಿದನು. ನಾನು ಹೋದ ಮೇಲೆ ಶಾರದಾಬಾಯಿ ಸಿಹಿನೀರಿನ ಧಾರೆ ಸಣ್ಣದಾಯಿತೆಂದು, "ಆ ತುಂಡ ತಗದಬಿಡಪಾ ನನ್ನ ಬಂಗಾರ, ಕೊಡ ತುಂಬೂದ್ರಾಗ ನನ್ನ ಸೊಂಟ ಹೋಗ್ತದ" ಎಂದರಂತೆ. ಅವನು ನನಗೆ ಫೋನ್ ಮಾಡಿದ್ದನು. ನಾನು ತರಗತಿಯಲ್ಲಿದ್ದು ಎತ್ತಿರಲಿಲ್ಲ. ಕೊನೆಗೆ ಅವರ ಮಾತಿನಂತೆ ವಾಲ್ವ್ ತೆಗೆದನಂತೆ. ಅಂಗಡಿಯಲ್ಲೇ ಏಕೆ ಹೇಳಲಿಲ್ಲವೆಂದು ಗದರಿದೆನು. "ಒಳಗ ಕೂಡಿಸಿ ತಾಟಿನಾಗ ಉಣ್ಣಾಕ ಹಾಕ್ಯಾರ್ರಿ ಸರ. ಮಗಾ ಅಂದಾರ. ಮಂದ್ಯಾಗ ಅವರ ಹೆಸರ ಹೆಂಗ ತಗೀಲಿ?" ಎಂದನು. ಸುಮಾರು ಹನ್ನೊಂದೂವರೆಗೆ, ಗೆಳೆಯನನ್ನು ಕಂಡು ಬರುತ್ತೇನೆಂದು ಕುಂಭಾರಿಯಲ್ಲಿ ಇಳಿದನು. ನಾನು ತಡೆಯಲಿಲ್ಲ. ಆಮೇಲೆ ಅವನ ಫೋನ್ ಹತ್ತಲಿಲ್ಲ. ಆ ಊರಿನಲ್ಲಿ ಅವನಿಗೆ ಗೆಳೆಯರಾರೂ ಇಲ್ಲವೆಂದು ವಿಚಾರಿಸಿದಾಗ ತಿಳಿಯಿತು.

ಶನಿವಾರ ಬೆಳಿಗ್ಗೆ ಧೂಳಪ್ಪ ಎಂಬವರಿಗೆ ಕುಂಭಾರಿಯ ಹೊರಗೆ, ನೀರು ತುಂಬಿದ ಹಳೆಯ ಕಲ್ಲಿನ ಖಣಿಯ ದಂಡೆಯಲ್ಲಿ ಅವನ ಕೆಲಸದ ಚೀಲ ಸಿಕ್ಕಿದೆ. ಚೀಲ ನಾನು ಗುರುತಿಸಿದ್ದೇನೆ. ಚಪ್ಪಲಿ ಸಿಕ್ಕಿಲ್ಲ.

ಅಂದೇ ನಾನು ಶಾರದಾಬಾಯಿಯವರನ್ನು ಕಂಡು, ಆದದ್ದನ್ನು ಠಾಣೆಗೆ ಬಂದು ಹೇಳಲು ಕೈಮುಗಿದು ಕೇಳಿದೆನು. ಅವರು ಅತ್ತರು. "ಖರೇ ಅದರಿ ಮಾಸ್ತರ, ನಾನಽ ತಗಿ ಅಂದೆ. ಆದ್ರ ಮಗನ ಮುಂದ ಹೆಂಗ ಹೇಳ್ಲಿ?" ಎಂದರು. ಬರಲಿಲ್ಲ. ಗುರುಸಿದ್ಧ ಬೇಕೆಂದೇ ನಷ್ಟ ಮಾಡಿ ಓಡಿಹೋಗಿದ್ದಾನೆಂದು ಸೋಮೇಶ ಕೊಟ್ಟ ದೂರು ಸುಳ್ಳು.

ಎರಡು ದಿನ ಖಣಿಯಲ್ಲಿ ಹುಡುಕಿದ್ದಾರೆ. ನಾಳೆಯೂ ಹುಡುಕಿಸಬೇಕು; ಖಣಿಯಷ್ಟೇ ಅಲ್ಲ, ರಸ್ತೆಗಳನ್ನೂ ಬಸ್ ನಿಲ್ದಾಣಗಳನ್ನೂ ನೋಡಿಸಬೇಕೆಂದು ಬೇಡುತ್ತೇನೆ. ಸಿಕ್ಕಾಗ ಅವನನ್ನು ಯಾರೂ ಗದರಿಸಬಾರದು. ಅವನ ತಾಯಿ ಸೋಮವ್ವ ದಂಡೆಯಿಂದ ಏಳುತ್ತಿಲ್ಲ. ಮಗನಿಗೆ ಈಜು ಬರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೌದಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ನಾನು ಹೌದು ಎಂದಿದ್ದೇನೆ. ಅದು ನನಗೆ ಗೊತ್ತಿಲ್ಲ.

ಆ ತಾಯಿಗೆ ಹೇಳಿದ ಆ ಒಂದು ಮಾತು ಬಿಟ್ಟರೆ, ಇಲ್ಲಿ ಬರೆಸಿದ್ದೆಲ್ಲ ನಾನು ಕಂಡದ್ದು ಮತ್ತು ಕೇಳಿದ್ದು. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿಯೇ ಓದಿ ಕೇಳಿಸಿದ್ದಾರೆ, ಸರಿಯಾಗಿದೆ.

ಸ್ಥಳ: ಕುಂಭಾರಿ
ದಿನಾಂಕ: 12-10-2025
ಸಹಿ: ಸಾತಲಿಂಗಪ್ಪ